ಹೊರಟವ್ವನ ಬಂಡೆ

ಕೆಂಪನಾಳದಿಂದ ಪಡುವಣಕ್ಕೆ ಅರ್ಧ ಹರಿದಾರಿ ನಡೆದರೆ ಹೊಲಗಳು ಮುಗಿದು, ನೆಲವೇ ಬಿರಿದು ಬಾಯಿಬಿಟ್ಟಂತೆ ಹುರಿಗೊಳ್ಳ ಎದುರಾಗುತ್ತದೆ. ಎರಡೂ ಕಡೆ ಕಡಿದಾಗಿ ನಿಂತ ಕೆಂಪು ಮರಳುಗಲ್ಲಿನ ಗೋಡೆಗಳು, ಅಡಿಯಲ್ಲಿ ಪಾದ ಹೂತುಹೋಗುವ ಮರಳು, ಅಲ್ಲೊಂದು ಇಲ್ಲೊಂದು ಕಳ್ಳಿ. ಆಚೆ ತುದಿಯ ಉಪ್ಪಲದಿನ್ನಿಗೆ ನಾಲ್ಕು ದಿನದ ದಾರಿ. ನಡುವೆ ಊರಿಲ್ಲ, ಬಾವಿಯಿಲ್ಲ. ಕೊಳ್ಳದ ಬಾಯಲ್ಲೇ ಒಂದು ಚಪ್ಪಟೆ ಬಂಡೆ ಇದೆ. ಈಗೀಗ ಬೆನ್ನಿಗೆ ದೊಡ್ಡ ಚೀಲ ಹೊತ್ತ ಹುಡುಗ ಹುಡುಗಿಯರು ಕೊಳ್ಳ ದಾಟುವ ಹುಮ್ಮಸ್ಸಿನಲ್ಲಿ ಬರುತ್ತಾರೆ, ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೊರಟವ್ವನ ಬಂಡೆ ಎಂಬ ಹೆಸರು ಕೇಳಿ, ದೇವಿಯ ಗುಡಿ ಎಲ್ಲಿ ಎಂದು ಹುಡುಕುತ್ತಾರೆ. ಗುಡಿಯಿಲ್ಲ. ಹೊರಟವ್ವ ದೇವಿಯೂ ಅಲ್ಲ. ಕುರಿ ಕಾಯುತ್ತಿದ್ದ ಮಾಳವ್ವ ಎಂಬ ಹೆಂಗಸು ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಂದು ವೈಶಾಖದಲ್ಲಿ ಕೆಂಪನಾಳದ ಗೌಡರ ಮಗಳಿಗೆ ಉಪ್ಪಲದಿನ್ನಿಯ ವರ ಗೊತ್ತಾಗಿತ್ತು. ವರನ ತಾಯಿ ಚಂದವ್ವ ಈ ಮಾಳವ್ವನ ಒಡಹುಟ್ಟಿದ ಅಕ್ಕ. ತಂದೆ ತೀರಿಕೊಂಡಾಗ ಕುರಿಹಿಂಡು ಹಂಚಿಕೊಳ್ಳುವ ಜಗಳದಲ್ಲಿ ಮಾತು ಬಿಟ್ಟವರು ಹನ್ನೊಂದು ವರ್ಷ ಮುಖ ನೋಡಿರಲಿಲ್ಲ. ಮದುವೆಗೂ ಕರೆ ಬಂದಿರಲಿಲ್ಲ. ಹೀಗಿರುವಾಗ ಸೋಮವಾರ ಮಧ್ಯಾಹ್ನ ಜೇನು ಕೀಳುವ ಭರಮಪ್ಪ ಕೊಳ್ಳದೊಳಗಿಂದ ತೆವಳುತ್ತ ಬಂದು ಗೌಡರ ಕಟ್ಟೆಯ ಮುಂದೆ ಬಿದ್ದ. ತುಟಿ ಸೀಳಿಹೋಗಿತ್ತು. “ನಡುದೊಣಿ ಒಡದೈತ್ರಿ ಗೌಡ್ರ. ಹನಿ ನೀರಿಲ್ಲ” ಎಂದಷ್ಟೇ ಹೇಳಿದ.

ಕೊಳ್ಳದ ನಟ್ಟನಡುವೆ ಬಂಡೆಯ ಹೊಟ್ಟೆಯಲ್ಲಿ ನೀರು ನಿಲ್ಲುತ್ತಿದ್ದ ಆ ದೊಣೆಯೊಂದೇ ದಾರಿಗರ ಜೀವ. ಎರಡು ದಿನದ ನೀರು ಹೊತ್ತು ಅಲ್ಲಿಗೆ ಮುಟ್ಟುವುದು, ಮತ್ತೆ ತುಂಬಿಕೊಂಡು ಮುಂದೆ ಸಾಗುವುದು ವಾಡಿಕೆ. ಶುಕ್ರವಾರ ಬೆಳಿಗ್ಗೆ ವರನ ಕಡೆಯ ಮೂವತ್ತು ಜನ, ಮಕ್ಕಳು ಮರಿ ಸಮೇತ, ಅದನ್ನೇ ನಂಬಿ ಆಚೆಯಿಂದ ಹೊರಡುವವರಿದ್ದರು. ಕೊಳ್ಳ ಬಿಟ್ಟು ನದಿಯ ದಾರಿಯಲ್ಲಿ ಬಳಸಿ ಸುದ್ದಿ ಕಳಿಸಿದರೆ ಎಂಟು ದಿನ. ಕೊಳ್ಳದೊಳಗೇ ಹಾದು, ಅದೂ ಮಂಗಳವಾರ ನಸುಕಿಗೆ ಹೊರಟರಷ್ಟೇ ದಿಬ್ಬಣವನ್ನು ಮೊದಲ ದಿನವೇ ತಡೆಯಬಹುದು. ಒಂದು ದಿನ ತಡವಾದರೂ ಅವರಿಗೆ ಹಿಂದಿರುಗಲು ನೀರು ಸಾಲದು. ನಾಲ್ಕು ದಿನದ ನೀರು ಹೊತ್ತು ಆ ಬಿಸಿಲಲ್ಲಿ ನಡೆಯುವವರು ಯಾರು? ಕಟ್ಟೆಯ ಮೇಲೆ ನೆರೆದ ಗಂಡಸರಲ್ಲಿ ಯಾರೂ ಮುಂದೆ ಬರಲಿಲ್ಲ. “ಬೆಳಗ್ಗೆ ಕೂಡಿ ಮಾತಾಡೂಣು” ಎಂದರು ಗೌಡರು. ಮಾಳವ್ವ ಹಿಂದೆ ನಿಂತಿದ್ದವಳು, “ಬೆಳಗ್ಗೆ ಮಾತಾಡೂದಲ್ಲ ಗೌಡ್ರ, ನಡಿಯೂದು” ಎಂದಳು. ತಾನೇ ನಡೆಯುತ್ತೇನೆಂದು ಆಗ ಅವಳಿಗೂ ಗೊತ್ತಿರಲಿಲ್ಲ. ಮನೆಗೆ ಹೋದಳು, ಒಲೆ ಹಚ್ಚಿದಳು, ಆರಿಸಿದಳು. ಕುರಿ ಎಣಿಸಿದಳು, ಮತ್ತೆ ಎಣಿಸಿದಳು. ಚಿಕ್ಕಂದಿನಲ್ಲಿ ತಂದೆಯ ಹಿಂದೆ ಒಮ್ಮೆ ಕೊಳ್ಳ ದಾಟಿದ್ದಳು. ಅದು ನೆನಪಾದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ನಸುಕಿನಲ್ಲಿ ಬೆನ್ನಿಗೆ ತೊಗಲಚೀಲ, ಹೆಗಲ ಕೋಲಿಗೆ ಎರಡು ಸೋರೆಬುರುಡೆ, ಎಲ್ಲದರ ತುಂಬ ನೀರು ಹೊತ್ತು ಬಂಡೆ ಇಳಿದಳು. ನೂರು ಹೆಜ್ಜೆಗೇ ಭಾರ ಹೆಚ್ಚೆಂದು ಗೊತ್ತಾಯಿತು. ತಿರುಗಿ ಬಂದು ರೊಟ್ಟಿಗಂಟು ಬಿಚ್ಚಿಟ್ಟು, ಒಂದು ಹಿಡಿ ಹುರಿಹಿಟ್ಟು ಮಾತ್ರ ಉಳಿಸಿಕೊಂಡು ಮತ್ತೆ ಇಳಿದಳು. ಈ ಸಲ ಮೊದಲ ತಿರುವಿನವರೆಗೆ ಹೋದಳು. ಅಲ್ಲಿ ಊರಿನ ನಾಯಿಗಳ ಬೊಗಳುವಿಕೆ ತಟಕ್ಕನೆ ನಿಂತುಹೋಯಿತು. ಆ ಮೌನಕ್ಕೆ ಹೆದರಿ ಓಡೋಡಿ ಬಂದು ಬಂಡೆಯ ಮೇಲೆ ಕುಸಿದಳು. ಹನ್ನೊಂದು ವರ್ಷ ಒಂದು ಮಾತಾಡದ ಅಕ್ಕನಿಗಾಗಿ ಸಾಯಬೇಕೇ ಎಂದು ಅವಳಿಗೆ ರೋಷವೂ ಬಂತು. ಅಷ್ಟರಲ್ಲಿ ಊರವರು ನೆರೆದಿದ್ದರು. ಗೌಡರ ಹೆಂಡತಿ ಕೈ ಹಿಡಿದು, “ಸಾಕ ಬಾ ಮಾಳವ್ವ, ಕುಂದರು” ಎಂದರು. “ಕುಂತ್ರ ಇನ್ನಷ್ಟು ಸಂಕಟ ಆಗತೈತ್ರಿ ಅವ್ವಾರ. ನಡದ್ರನ ಚಲೋ” ಎಂದು ಮಾಳವ್ವ ಎದ್ದಳು. ಬಿಸಿಲು ಕೊಳ್ಳದ ನೆಲ ಮುಟ್ಟುವ ಮೊದಲೇ ತಿರುವಿನಾಚೆ ಮರೆಯಾದಳು.

ಎರಡನೆಯ ಸಂಜೆ ದೊಣೆ ಸಿಕ್ಕಿತು. ತೋಳು ತೂರುವಷ್ಟು ಅಗಲದ ಬಿರುಕು. ತಳದಲ್ಲಿ ಸುರುಟಿಕೊಂಡ ಪಾಚಿ, ಒಣಗಿದ ಮೀನು. ಪಾಚಿಯ ಒಂದು ಹಕ್ಕಳೆ ಎಬ್ಬಿಸಿ ಸೆರಗಿಗೆ ಕಟ್ಟಿಕೊಂಡಳು. ಮೂರನೆಯ ದಿನ ಬುರುಡೆಯೊಂದು ಬಂಡೆಗೆ ತಾಗಿ ಒಡೆಯಿತು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಉಳಿದ ನೀರೂ ತೀರಿತು. ನೆತ್ತಿಯ ಮೇಲೆ ಹೊತ್ತು ಬಂದಾಗ ಎದುರಿನಿಂದ ಹಲಗೆ ಬಾರಿಸುವ ಸದ್ದು ಕೇಳಿಸಿತು. ದಿಬ್ಬಣದ ಮುಂದೆ ಚಂದವ್ವನೇ ಇದ್ದಳು. ತಂಗಿಯ ಗುರುತು ಹತ್ತಿದ್ದೇ ಅವಳ ಮುಖ ಬಿಗಿಯಿತು. “ಕರೀಲಿಲ್ಲಂತ ಅಡ್ಡ ಬಂದಿಯೇನ?” ಎಂದಳು. ಮಾಳವ್ವನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಸೆರಗಿನ ಗಂಟು ಬಿಚ್ಚಿದಳು. ಹಪ್ಪಳದಂತೆ ಒಣಗಿದ ಪಾಚಿ, ಅದಕ್ಕೆ ಮೆತ್ತಿಕೊಂಡ ಬೆರಳುದ್ದದ ಮೀನು. ಚಂದವ್ವ ಅದನ್ನು ನೋಡಿದಳು, ತಂಗಿಯ ಒಡೆದ ಹಿಮ್ಮಡಿ ನೋಡಿದಳು, ಹಿಂದೆ ನಗುತ್ತ ಬರುತ್ತಿದ್ದ ಮಕ್ಕಳನ್ನು ನೋಡಿದಳು. ಮರಳಿನಲ್ಲೇ ಕುಳಿತು, ತನ್ನ ಬುರುಡೆಯ ನೀರನ್ನು ಗುಟುಕು ಗುಟುಕಾಗಿ ತಂಗಿಯ ಬಾಯಿಗೆ ಬಿಟ್ಟಳು. “ಮನಿಗಿ ನಡಿಯವ್ವ” ಎಂದಳು. ದಿಬ್ಬಣ ಹಿಂದಿರುಗಿತು.

ಕೆಂಪನಾಳಕ್ಕೆ ಇದಾವುದೂ ತಿಳಿಯಲಿಲ್ಲ. ನದಿ ಬಳಸಿ ಸುದ್ದಿ ಬರುವವರೆಗೆ ಜನ ದಿನವೂ ಬಂಡೆ ಹತ್ತಿ ಕೊಳ್ಳದತ್ತ ನೋಡುತ್ತಿದ್ದರು. ಅವಳು ಮುಟ್ಟಿದಳೋ ಇಲ್ಲವೋ ಯಾರೂ ಕಾಣರು. ಹೊರಟಿದ್ದನ್ನು ಮಾತ್ರ ಎಲ್ಲರೂ ಕಂಡಿದ್ದರು. ಹೊರಟ ಅವ್ವ, ಹೊರಟವ್ವ ಎಂದೇ ಅವಳ ಹೆಸರು ಬಾಯಿಂದ ಬಾಯಿಗೆ ಹರಿಯಿತು. ಮದುವೆ ಆಷಾಢ ಕಳೆದ ಮೇಲೆ ನಡೆಯಿತಂತೆ. ಅಕ್ಕನ ಎತ್ತಿನಗಾಡಿಯಲ್ಲಿ ನದಿ ದಾರಿಯಿಂದ ಮಾಳವ್ವ ಊರಿಗೆ ಬಂದಾಗ ಗೌಡರು ಎದ್ದು ನಿಂತರಂತೆ. ಆ ವರ್ಷವೇ ಅವರು ಬಂಡೆಯ ಬುಡದಲ್ಲಿ ಕಲ್ಲಿನ ತೊಟ್ಟಿ ಕೊರೆಸಿದರು.

ತೊಟ್ಟಿ ಇಂದಿಗೂ ಇದೆ, ಸರದಿಯ ಮೇಲೆ ಊರಿನ ಮನೆಯೊಂದು ದಿನವೂ ಅದನ್ನು ತುಂಬಿಸುತ್ತದೆ. ಕೊಳ್ಳಕ್ಕಿಳಿಯಲು ಬಂದವರನ್ನು ಕಂಡರೆ ಕೊಡ ಇಳಿಸಿದ ಹೆಣ್ಣುಮಗಳು ಊರು ಯಾವುದೆಂದು ಕೇಳುವುದಿಲ್ಲ, ಹೆಸರೂ ಕೇಳುವುದಿಲ್ಲ. ಚೀಲಗಳನ್ನೆಲ್ಲ ಬಿಚ್ಚಿಸಿ, “ನೀರು ಎಷ್ಟು ಹಿಡಕೊಂಡೀರಿ, ತೋರಸ್ರಿ” ಎನ್ನುತ್ತಾಳೆ. ಕಡಿಮೆಯಿದ್ದರೆ ದಾರಿಗೆ ಅಡ್ಡ ನಿಲ್ಲುತ್ತಾಳೆ.