ಮೂತಿ ಮುರಿದ ಅಡಿಪಟ್ಟಿ

ಇದು ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಮೀಸೆ ಹೇಗೂ ನನಗಿಲ್ಲ.

ಮೂರನೇ ತರಗತಿಯಲ್ಲಿ ಅಳತೆಯ ಪಾಠ ನಡೆದಿತ್ತು. ನೀಲಾಂಬಿಕೆ ಟೀಚರು ಹೇಳಿದರು: "ಮಕ್ಕಳೇ, ನಿಮ್ಮ ಪೆನ್ಸಿಲುಗಳನ್ನು ಅಳೆಯಿರಿ. ಐದು ಸೆಂಟಿಮೀಟರಿಗಿಂತ ಗಿಡ್ಡವಾಗಿದ್ದರೆ ಡಬ್ಬಿಯಲ್ಲಿಟ್ಟು ವಿಶ್ರಾಂತಿ ಕೊಡಿ. ಉಳಿದವನ್ನು ಮೆಂಡರಿನಲ್ಲಿ ಚೂಪು ಮಾಡಿ ಬರೆಯಿರಿ."

ಒಂದು ಮೋಟು ಪೆನ್ಸಿಲಿಗೆ ಇದನ್ನು ಕೇಳಿ ಅವಮಾನವಾಯಿತು. "ಗಿಡ್ಡರ ಡಬ್ಬಿಗೆ ನಾನು ಹೋಗುವುದೇ?"

ಉಕ್ಕಿನ ಸ್ಕೇಲು ಅದನ್ನು ಅಳೆದು, "ಮೂರು" ಎಂದಿತು.

"ನಿನ್ನ ಕಣ್ಣಿಗೆ ಪೊರೆ ಬಂದಿದೆ" ಎಂದು ಬೈದು, ಮೋಟು ಪೆನ್ಸಿಲು ಮರದ ಅಡಿಪಟ್ಟಿಯ ಬಳಿಗೆ ಉರುಳಿತು. ಆ ಅಡಿಪಟ್ಟಿಯ ಮೊದಲ ಎರಡು ಸೆಂಟಿಮೀಟರನ್ನು ಇಲಿ ತಿಂದು ಎಷ್ಟೋ ಕಾಲವಾಗಿತ್ತು. ಅದರ ಎಣಿಕೆ ಶುರುವಾಗುವುದೇ ಎರಡರಿಂದ.

"ಅಜ್ಜಾ, ನನ್ನ ನಿಜವಾದ ಎತ್ತರವನ್ನು ನೀವೇ ಹೇಳಬೇಕು."

"ಸರಿಯಾಗಿ ಐದು, ಮಗಾ! ನನ್ನ ಬಳಿ ಬಂದವರು ಯಾರೂ ಗಿಡ್ಡರಾಗಿ ಹೋದದ್ದಿಲ್ಲ."

ಮೋಟು ಎದೆಯುಬ್ಬಿಸಿಕೊಂಡು ಮೆಂಡರಿನ ಬಾಯಿಗೆ ಹೋಯಿತು. ದಿನಕ್ಕೆ ಎರಡು ಸಲದಂತೆ ವಾರವೆಲ್ಲ ಹೋಯಿತು. ಮುಂದಿನ ಅಳತೆಯ ಪಾಠದ ಹೊತ್ತಿಗೆ ಅದರ ಜಾಗದಲ್ಲಿ ಒಂದು ಚಿಟಿಕೆ ಹೊಟ್ಟು ಉಳಿದಿತ್ತು. ಅದನ್ನೂ ಫ್ಯಾನಿನ ಗಾಳಿ ಹಾರಿಸಿತು.

ಉಕ್ಕಿನ ಸ್ಕೇಲು ಕೇಳಿತು: "ಅಜ್ಜಾ, ನಿಮ್ಮ ಐದು ಸೆಂಟಿಮೀಟರಿನ ವೀರ ಎಲ್ಲಿ?"

ಅಡಿಪಟ್ಟಿ ಆ ಖಾಲಿ ಜಾಗಕ್ಕೆ ತನ್ನ ಮುರಿದ ಮೂತಿ ತಾಗಿಸಿ, ಬಹಳ ಗಂಭೀರವಾಗಿ ಅಳೆದು ಹೇಳಿತು: "ಅದಕ್ಕೇಕೆ ಇಷ್ಟು ಗಾಬರಿ? ಇನ್ನೂ ಎರಡು ಸೆಂಟಿಮೀಟರು ಇದ್ದಾನಲ್ಲ!"