ಹೊರಗೆ ನಿಂತ ಬೋರಲಿಂಗ

ಕೇಳ್ರಪ್ಪ, ಒಬ್ಬ ಪೆದ್ದನ ಕತೆ ಹೇಳ್ತೀನಿ. ನಗೋರು ನಗಿ. ನನಗಂತೂ ಇದನ್ನ ಹೇಳುವಾಗೆಲ್ಲ ಮೈ ಉರಿಯುತ್ತೆ.

ಒಂದೂರಲ್ಲಿ ಪುಟ್ಟತಾಯಿ ಅಂತ ಹೂ ಕಟ್ಟಿ ಮಾರೋ ಹೆಂಗಸು. ಅವಳಿಗೆ ಬೋರಲಿಂಗ ಅಂತ ಒಬ್ಬನೇ ಮಗ, ಹತ್ತನೇ ಕ್ಲಾಸು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ನೋಡ್ತಾ ಕೂತಿರೋನು, ಹಿತ್ತಲಿಂದ ನಾಯಿ ಬಂದು ಮುದ್ದೆ ತಿಂದು ಹೋದರೂ ಸರಿಯೇ. ಇಂಥವನನ್ನ ಹೆತ್ತೆನಲ್ಲ ಅಂತ ತಾಯಿ ದಿನಾ ಹಣೆ ಚಚ್ಚಿಕೊಳ್ಳೋಳು.

ಒಂದು ಸೋಮವಾರ ಇವನು ಲೆಕ್ಕದ ನೋಟ್‌ಬುಕ್ ಮರೆತು ಹೋದ. ಮೇಷ್ಟ್ರು, "ಹೊರಗೆ ನಿಂತ್ಕೊ. ನಾನು ಕರೆಯೋವರೆಗೂ ಒಳಗೆ ಕಾಲಿಡಬೇಡ" ಅಂದರು. ಅಂದವರು ಮರೆತರು. ಬೋರಲಿಂಗ ಮರೆಯಲಿಲ್ಲ. ಆವತ್ತೆಲ್ಲ ನಿಂತ. ಮಾರನೇ ದಿನವೂ ಚೀಲ ಹೊತ್ತು ಬಂದು ಅಲ್ಲೇ ನಿಂತ. ಐದು ಜನ ಮೇಷ್ಟ್ರುಗಳು ಅವನನ್ನ ದಾಟಿ ಒಳಗೆ ಹೋದರು, ಹೊರಗೆ ಬಂದರು. ಇವನಿಗೂ ವರಾಂಡದ ಕಂಬಕ್ಕೂ ವ್ಯತ್ಯಾಸ ಕಾಣಲಿಲ್ಲ ಆ ಮಹಾನುಭಾವರಿಗೆ.

ಆ ಸೋಮವಾರ ಸಂಜೆ ಅವ್ವ ಜಗಲಿ ಮೇಲೆ ಕೂತು, ದಾರದ ತುದಿ ಕಾಲ್ಬೆರಳಿಗೆ ಸುತ್ತಿ ಮಲ್ಲಿಗೆ ಕಟ್ತಿದ್ದಳು. ತಲೆ ಎತ್ತದೇ, ಸ್ಕೂಲಲ್ಲಿ ಏನಾಯ್ತು ಅಂತ ಕೇಳಿದಳು. ಇವನು ಮೊದಲಿಂದ ಶುರು ಮಾಡಿದ. ಗೇಟು ತೆಗೆದರು, ಗಂಟೆ ಹೊಡೆದರು, ಪ್ರಾರ್ಥನೆ ಆಯ್ತು, ಮೂರನೇ ಸಾಲಿನ ಹುಡುಗ ಸೀನಿದ. ಸೀನಿಗೆ ಬರೋ ಹೊತ್ತಿಗೆ ಅವಳು ಅಳೆದಿದ್ದ ಮಾರಿನ ಲೆಕ್ಕ ತಪ್ಪಿಹೋಯಿತು.

"ಪುರಾಣ ಬೇಡ ಕಣ್ಲಾ. ಒಂದು ಮಾತಲ್ಲಿ ಹೇಳು" ಅಂದಳು.

ಮಂಗಳವಾರ ಬಂದು, "ನಿಂತೆ" ಅಂದ. ಎಲ್ಲಿ, ಯಾಕೆ ಅಂತ ಕೇಳಿದಳಾ? ಇಲ್ಲ. ಕೂರೋಕೇನು ದಾಡಿ ನಿಂಗೆ ಅಂತ ಬೈದಳು. ಒಳ್ಳೇದಿದ್ದರೆ ಹೇಳು, ಇಲ್ಲದಿದ್ದರೆ ತೆಪ್ಪಗಿರು ಅಂದಳು.

ಬುಧವಾರ ಒಳ್ಳೇದನ್ನೇ ಹುಡುಕಿ ತಂದ. ಹೂ ಕೊಳ್ಳೋಕೆ ನಾಲ್ಕು ಹೆಂಗಸರು ನಿಂತಿದ್ದಾರೆ. ಅವರ ಮುಂದೆಯೇ, ಹನ್ನೊಂದು ಗಂಟೆವರೆಗೂ ಹೊಂಗೆಮರದ ನೆರಳು ತಣ್ಣಗೆ ನನ್ನ ಮೇಲೇ ಇರುತ್ತೆ ಕಣವ್ವ ಅಂದ. ಹೆಂಗಸರು ಕಿಸಕ್ಕನೆ ನಕ್ಕರು. ಅವಳಿಗೆ ಅವಮಾನ. ಜನ ಇದ್ದಾಗ ಸ್ಕೂಲಿನ ಸುದ್ದಿ ಎತ್ತಬೇಡ, ನಾನೊಬ್ಬಳೇ ಇದ್ದಾಗ ಹೇಳು ಅಂತ ಗದರಿದಳು.

ಅವಳು ಒಬ್ಬಳೇ ಇರೋದು ಯಾವಾಗ ಸ್ವಾಮಿ? ಬೀದಿ ಬಾಗಿಲಿನ ವ್ಯಾಪಾರ, ರಾತ್ರಿ ಮಲಗೋವರೆಗೂ ಜನ. ಗುರುವಾರ ಕಾದು ಕಾದು ಸಾಕಾಯಿತು. ಶುಕ್ರವಾರ ಮದುವೆ ಹಾರ ಹೇಳೋಕೆ ಒಬ್ಬ ಯಜಮಾನರು ಬಂದು ಕೂತರು. ಬೋರಲಿಂಗ ಅವರ ರಟ್ಟೆ ಹಿಡಿದು ಎಬ್ಬಿಸಿ, ಅವ್ವ ಒಬ್ಬಳೇ ಇರಬೇಕು ಏಳಿ ಅಂತ ಬೀದಿಗೆ ಬಿಟ್ಟು ಬಂದ. ಹಾರ ಹೋಯಿತು, ಪೊರಕೆ ಬಂತು.

"ಇನ್ಮೇಲೆ ಸ್ಕೂಲಿನ ಉಸಿರೆತ್ತಿದ್ರೆ ನೋಡು" ಅಂದಳು.

ಎತ್ತಲಿಲ್ಲ. ಮೂರು ವಾರ ಎತ್ತಲಿಲ್ಲ. ಪರೀಕ್ಷೆಗೆ ತಿಂಗಳೂ ಇಲ್ಲ, ಹುಡುಗ ಒಂದಕ್ಷರ ಬರೆದಿಲ್ಲ. ಈಗ ನಾನು ಕೇಳ್ತೀನಿ, ಪೆದ್ದರು ಯಾರು?

ಕೊನೆಗೆ ಸ್ಕೂಲಿನ ಆಯಾ ಒಂದು ಮೊಳ ಹೂವಿಗೆ ಬಂದವಳು, "ನಿನ್ನ ಮಗನ್ನ ಯಾಕವ್ವ ದಿನಾ ಹೊರಗೆ ನಿಲ್ಲಿಸವ್ರೆ? ತಿಂಗಳಾಗ್ತಾ ಬಂತಲ್ಲ" ಅಂದಳು. ಪುಟ್ಟತಾಯಿಯ ಕೈಯಿಂದ ದಾರ ಜಾರಿತು. ಯಾಕೋ ಹೇಳಲಿಲ್ಲ ಅಂತ ಮಗನ ಮೇಲೆ ಎಗರಿದಳು.

"ಉಸಿರೆತ್ತಬೇಡ ಅಂದಿದ್ಯಲ್ಲವ್ವ" ಅಂದ.

ಹೂವನ್ನ ಹಾಗೇ ಬಿಟ್ಟು, ಮಗನನ್ನ ಎಳಕೊಂಡು ಹೆಡ್‌ಮೇಷ್ಟ್ರ ರೂಮಿಗೆ ನುಗ್ಗಿದಳು. ಲೆಕ್ಕದ ಮೇಷ್ಟ್ರನ್ನ ಕರೆಸಿದರು. ತಮಗೆ ನೆನಪೇ ಇಲ್ಲ ಅಂದುಬಿಟ್ಟರು ಪುಣ್ಯಾತ್ಮರು. ಅವಳಿಗೆ ಪಿತ್ತ ನೆತ್ತಿಗೇರಿತು.

"ಮೊದಲಿಂದ ಹೇಳ್ಲಾ ಮಗ. ನಾನು ಸಾಕು ಅನ್ನೋಗಂಟ ನಿಲ್ಲಿಸಬೇಡ."

ಬೋರಲಿಂಗ ಶುರು ಮಾಡಿದ. ಗೇಟು ತೆಗೆದರು, ಗಂಟೆ ಹೊಡೆದರು, ಹುಡುಗ ಸೀನಿದ, ಮೇಷ್ಟ್ರು ನನ್ನ ಹೊರಗೆ ಹಾಕಿದರು. ಮಧ್ಯಾಹ್ನ ಏಳನೇ ಕ್ಲಾಸಲ್ಲಿ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದರು. ಹೊರಗೆ ನಿಂತವನಿಗೆ ಎಲ್ಲ ಕಿಟಕಿಯೂ ಕಾಣುತ್ತೆ ನೋಡಿ. ಮೇಷ್ಟ್ರ ಮುಖ ಕಪ್ಪಿಟ್ಟಿತು. ಪುಟ್ಟತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆದರೆ ಹುಡುಗ ಅಲ್ಲಿಗೇ ನಿಲ್ಲಿಸಬೇಕಲ್ಲ? ಸಂಜೆ ಅವ್ವನಿಗೆ ಹೇಳೋಕೆ ಹೋದೆ, ಪುರಾಣ ಬೇಡ ಅಂದಳು. ಮಂಗಳವಾರ ನಿಂತೆ ಅಂದೆ, ಬೈದಳು. ಶುಕ್ರವಾರ ಪೊರಕೇಲಿ ಹೊಡೆದಳು. ಸೊಂಟದ ಮೇಲಿದ್ದ ಅವಳ ಕೈ ತಾನಾಗೇ ಇಳಿಯಿತು.

ಸಾಕು ಅನ್ನಮ್ಮ ಅಂತ ಹೆಡ್‌ಮೇಷ್ಟ್ರು ಅಂಗಲಾಚಿದರು. ಅನ್ನಬಹುದಿತ್ತು, ಅನ್ನಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಆ ಸೋಮವಾರದಿಂದ ಇಲ್ಲಿವರೆಗೆ ಮೊದಲ ಸಲ ತಲೆ ಎತ್ತಿ ಮಗನ ಮುಖ ನೋಡಿದಳು.

ಲೆಕ್ಕದ ಮೇಷ್ಟ್ರು ಬೆವರು ಒರೆಸಿಕೊಂಡು ಕ್ಲಾಸಿನ ಕಡೆ ಕೈ ತೋರಿಸಿದರು. "ಬಾರಪ್ಪ ಒಳಗೆ. ನಾನೇ ಕರೀತಿದ್ದೀನಲ್ಲ, ಬಾ."

"ಇರಿ ಸಾ, ಅವ್ವ ಇನ್ನೂ ಸಾಕು ಅಂದಿಲ್ಲ" ಅಂದು ಬೋರಲಿಂಗ ಎರಡನೇ ವಾರದ ಸೋಮವಾರದ ಕತೆಗೆ ಬಂದ.