ಸಂಜೆಯ ನೆರಳು ಯಾಕೆ ಅಷ್ಟು ಉದ್ದ

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ ಅದು. ಆಗ ನೆರಳು ನಡೆಯುತ್ತಿರಲಿಲ್ಲ. ಬೆಳಗ್ಗೆ ಹೊಂಗೆಮರದ ಬುಡದಲ್ಲಿ ಎಲ್ಲಿ ಇತ್ತೋ ಸಂಜೆಯೂ ಅಲ್ಲೇ, ಚಾಪೆ ಹಾಸಿದ ಹಾಗೆ. ಬಂದವರು ಕೂರುತ್ತಿದ್ದರು. ದನ ಮಲಗುತ್ತಿತ್ತು. ಕೊಡೋದು, ತಗೊಳ್ಳೋದು, ಯಾರನ್ನಾದರೂ ಕೇಳೋದು, ಏನೂ ಇರಲಿಲ್ಲ.

ಒಂದು ದಿನ ಚೆನ್ನಿಗಪ್ಪ ಎಂಬವನು ಹೊಳೆಗೆ ನೀರು ಕುಡಿಯಲು ಹೋಗುವಾಗ ತನ್ನ ಟವೆಲನ್ನು ನೆರಳಿನ ಮೇಲೆ ಹಾಕಿ ಹೋದ. ಜಾಗ ಹಿಡಿದದ್ದು. ಬಸ್ಸು ಹುಟ್ಟುವುದಕ್ಕೆ ಇನ್ನೂ ಬಹಳ ಕಾಲವಿತ್ತು. ನಮ್ಮವರು ಮಾತ್ರ ಆಗಲೇ ತಯಾರಾಗಿದ್ದರು.

ಮರುದಿನ ಎಲ್ಲರೂ ಟವೆಲು ತಂದರು. ಹಾಸಿ, ಮನೆಗೆ ಹೋದರು. ನೆರಳಿನ ತುಂಬ ಟವೆಲುಗಳೇ ಮಲಗಿದ್ದವು. ನಡುವೆ ಚೆನ್ನಿಗಪ್ಪ, ಕಾವಲಿಗೆ.

ಆ ಮಧ್ಯಾಹ್ನ ನಿಂಗಾಜಮ್ಮ ಬಂದಳು. ಸೊಂಟದಲ್ಲಿ ಜ್ವರದ ಮಗು. ಹಾಸಲು ಏನೂ ಇರಲಿಲ್ಲ.

"ಅಣ್ಣಾ, ಇಲ್ಲಿ ಯಾರಾದ್ರೂ ಇದ್ದಾರಾ?"

"ಟವೆಲ್ ಕಾಣಲ್ವೇನಮ್ಮ? ಬರ್ತಾರೆ."

"ಬರೋವರ್ಗೂ ಕೂತಿರ್ತೀನಿ. ಮಗು ಮೈ ಸುಡ್ತಾ ಇದೆ."

"ಎಲ್ಲರೂ ಹಿಂಗೇ ಅಂದ್ರೆ ಟವೆಲ್‌ಗೇನು ಮರ್ಯಾದೆ?"

ಅವಳು ದೂರದ ಬೋಳು ಬಂಡೆಯ ಮೇಲೆ ಕೂತಳು. ಅಂಗೈಯನ್ನೇ ಚಪ್ಪರ ಮಾಡಿ ಮಗುವಿನ ಮುಖಕ್ಕೆ ಹಿಡಿದಳು.

ನೆರಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ನನ್ನ ಬಿಡು. ಆ ಬಂಡೆ ತನಕ ಹೋಗ್ತೀನಿ."

"ನಿನ್ನನ್ನ ನನ್ನ ಬೇರಿಗೆ ಕಟ್ಟಿದ್ದು ಸೂರ್ಯ, ಮಗಾ," ಅಂದಿತು ಮರ. "ಅವನನ್ನೇ ಕೇಳು."

"ಬಿಚ್ತೀನಿ," ಅಂದ ಸೂರ್ಯ. "ಆದರೆ ನನ್ನ ಜೊತೆಗೇ ನಡೀಬೇಕು. ನಾನು ನಿಧಾನ. ಆಮೇಲೆ ನೀನು ಎಲ್ಲೂ ನಿಲ್ಲೋ ಹಾಗಿಲ್ಲ."

"ಆಗಲಿ."

ನೆರಳು ತೆವಳಿತು. ಟವೆಲುಗಳು ಒಂದೊಂದಾಗಿ ಬಿಸಿಲಿಗೆ ಬಿದ್ದವು. ಹುಲ್ಲು ದಾಟಿತು, ಕಲ್ಲು ದಾಟಿತು. "ಬೇಗ, ಸೂರ್ಯಾ, ಬೇಗ!" ಸೂರ್ಯ ತನ್ನ ಪಾಡಿಗೆ ತಾನು ಜಾರುತ್ತಿದ್ದ.

ಗಾಳಿ ಎದುರಿಗೆ ಓಡಿಬಂತು. "ಏಳು, ನಡಿ. ಮಗು ಅಳೋದು ನಿಲ್ಲಿಸಿದೆ."

ಸಂಜೆಗೆ ನೆರಳು ಬಂಡೆ ಮುಟ್ಟಿತು. ಬಂಡೆ ಇನ್ನೂ ಬಿಸಿಯಾಗಿತ್ತು. ಮೇಲೆ ಯಾರೂ ಇರಲಿಲ್ಲ.

"ಎಲ್ಲಿ ಹೋದಳು?"

"ಹೇಳಲಿಲ್ಲ," ಅಂದಿತು ಬಂಡೆ. "ಹೋಗುವಾಗ ಮಗುವಿನ ಮುಖದ ಮೇಲೂ ಸೆರಗು ಎಳೆದಿದ್ದಳು."

ನೆರಳು ನಿಲ್ಲಲಿಲ್ಲ. ನಿಲ್ಲೋ ಹಾಗೂ ಇರಲಿಲ್ಲ.

ಅದಕ್ಕೇ ಪುಟ್ಟೀ, ಪಾರ್ಕಿನ ಗೇಟಿಗೆ ಬೀಗ ಹಾಕಿದ್ದರೂ, ಸಂಜೆಯಾದರೆ ಮರದ ನೆರಳು ಕಾಂಪೌಂಡ್ ಹತ್ತಿ ಇಳಿದು, ಫುಟ್‌ಪಾತಿನಲ್ಲಿ ಕೂತ ನಮ್ಮ ಕಾಲಿನ ಮೇಲೆ ಹಾದು, ರಸ್ತೆಯ ಆಚೆತನಕ ಚಾಚಿಕೊಳ್ಳುತ್ತದೆ, ಕತ್ತಲಾಗುವವರೆಗೂ ಅವಳನ್ನು ಹುಡುಕುತ್ತ.